ಡ್ಯೂರರನ ಪ್ರವಾಸದ ಜಮಾಖರ್ಚು

ದೂರ ಪ್ರಯಾಣಕ್ಕೆ ಹೊರಟ ಗೃಹಸ್ಥನು ಸಂಜೆ ಬಿಡಾರವನ್ನು ಸೇರಿದ ಮೇಲೆ ದೀಪದ ಮುಂದೆ ಕುಳಿತು ಆ ದಿನದ ಖರ್ಚನ್ನು ಬರೆದಿಡುವ ಪದ್ಧತಿ ನಮ್ಮಲ್ಲಿ ಬಹುಕಾಲದಿಂದ ಉಂಟು. ಗಾಡಿಯವನಿಗೆ ಇಷ್ಟು, ಹೊರೆಯಾಳಿಗೆ ಇಷ್ಟು, ದೇವಸ್ಥಾನದಲ್ಲಿ ಕಾಣಿಕೆ ಇಷ್ಟು, ಮಕ್ಕಳಿಗೆ ಬೊಂಬೆ ಕೊಂಡದ್ದಕ್ಕೆ ಇಷ್ಟು ಎಂದು ಬರೆಯುತ್ತ ಹೋಗುವ ಆ ಪುಸ್ತಕವನ್ನು ಊರಿಗೆ ಮರಳಿದ ಮೇಲೆ ಒಂದು ಸಲ ಕೂಡಿಸಿ ನೋಡಿ, ನಿಟ್ಟುಸಿರು ಬಿಟ್ಟು, ಪೆಟ್ಟಿಗೆಯ ತಳದಲ್ಲಿ ಹಾಕಿಬಿಡುತ್ತೇವೆ. ಆಮೇಲೆ ಅದನ್ನು ಓದುವವರು ಯಾರೂ ಇರುವುದಿಲ್ಲ. ಆದರೆ ಐನೂರು ವರ್ಷಗಳ ಹಿಂದೆ ಜರ್ಮನಿಯ ಚಿತ್ರಕಾರನೊಬ್ಬನು ಬರೆದಿಟ್ಟ ಇಂತಹುದೇ ಒಂದು ಖರ್ಚಿನ ಪುಸ್ತಕವನ್ನು ಜನರು ಇಂದಿಗೂ ಆದರದಿಂದ ಓದುತ್ತಿರುವರು. ಅದನ್ನು ಬರೆದವನು ಆಲ್ಬ್ರೆಕ್ಟ್ ಡ್ಯೂರರ್. ಅವನು ಹೆಂಡತಿಯನ್ನೂ ಮನೆಯ ಕೆಲಸದ ಹುಡುಗಿಯನ್ನೂ ಸಂಗಡ ಕರೆದುಕೊಂಡು 1520ನೆಯ ಇಸವಿಯ ಜುಲೈ ತಿಂಗಳಲ್ಲಿ ಊರು ಬಿಟ್ಟು, ಒಂದು ವರ್ಷಕ್ಕೆ ಮೀರಿದ ಕಾಲವನ್ನು ಪರಸ್ಥಳದಲ್ಲಿ ಕಳೆದನು.

ಆ ಪುಸ್ತಕದ ಮೂಲ ಪ್ರತಿ ಈಗ ಉಳಿದಿಲ್ಲ. ಮುಂದಿನವರು ನಕಲು ಮಾಡಿಟ್ಟುಕೊಂಡ ಪ್ರತಿಗಳಿಂದ ಅದು ನಮಗೆ ದೊರೆತಿದೆ. ಅದರಲ್ಲಿ ಭಾಷೆಯ ಸೊಗಸನ್ನು ಹುಡುಕಿದರೆ ಸಿಕ್ಕದು. ಊಟಕ್ಕೆ ಕೊಟ್ಟದ್ದು, ಕ್ಷೌರಕ್ಕೆ ಕೊಟ್ಟದ್ದು, ಜೂಜಿನಲ್ಲಿ ಸೋತದ್ದು, ಯಾರ ಚಿತ್ರವನ್ನು ಬರೆದು ಎಷ್ಟು ಪಡೆದನೆಂಬುದು, ಇವೇ ಸಾಲುಗಟ್ಟಿ ನಿಂತಿವೆ. ಆದರೆ ಈ ಕಾಸಿನ ಲೆಕ್ಕಗಳ ನಡುವೆ, ಯಾವ ಮುನ್ಸೂಚನೆಯೂ ಇಲ್ಲದೆ, ಮನುಷ್ಯನೊಬ್ಬನು ಕಣ್ಣರಳಿಸಿ ಲೋಕವನ್ನು ನೋಡಿದ ಗುರುತುಗಳು ಕಾಣಿಸಿಕೊಳ್ಳುತ್ತವೆ. ಅವನು ಕೂಡಿಸಿ ಹಾಕಿದ ಮೊತ್ತವೇನು, ಲೆಕ್ಕಕ್ಕೆ ಸೇರದೆ ಉಳಿದದ್ದೇನು ಎಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ.

ಮೊದಲಿನ ಪ್ರಯಾಣಗಳು

ಡ್ಯೂರರನು ನ್ಯೂರೆಂಬರ್ಗ್ ಪಟ್ಟಣದಲ್ಲಿ 1471ನೆಯ ಇಸವಿ ಮೇ 21ರಂದು ಹುಟ್ಟಿದನು. ತಂದೆ ಹಂಗೆರಿಯಿಂದ ಬಂದು ನೆಲೆಸಿದ ಅಕ್ಕಸಾಲಿಗನು. ಆತನಿಗೆ ಹದಿನೆಂಟು ಮಕ್ಕಳು ಹುಟ್ಟಿದರೂ ಬಾಳಿ ಬದುಕಿದವರು ಮೂವರೇ. ಹುಡುಗನು ಮೊದಲು ತಂದೆಯ ಬಳಿಯಲ್ಲಿಯೇ ಬೆಳ್ಳಿಬಂಗಾರದ ಕೆಲಸವನ್ನು ಕಲಿತನು. ಆದರೆ ಅವನ ಮನಸ್ಸು ಚಿತ್ರದ ಕಡೆಗೆ ಎಳೆಯುತ್ತಿದ್ದಿತು. ತಂದೆಯು ಹದಿನೈದನೆಯ ವರ್ಷದಲ್ಲಿ ಅವನನ್ನು ಊರಿನ ಚಿತ್ರಕಾರನಾದ ವೋಲ್ಗೆಮೂಟನ ಬಳಿ ಶಿಷ್ಯವೃತ್ತಿಗೆ ಬಿಟ್ಟನು.

ಆ ಕಾಲದ ಜರ್ಮನಿಯಲ್ಲಿ ಕಸುಬು ಕಲಿತ ತರುಣನು ಕೆಲವು ವರ್ಷ ಊರೂರು ಅಲೆದು, ಬೇರೆ ಬೇರೆ ಗುರುಗಳ ಕೈಕೆಳಗೆ ದುಡಿದು ಬರಬೇಕೆಂಬ ವಾಡಿಕೆಯಿದ್ದಿತು. ಡ್ಯೂರರನು 1490ರಲ್ಲಿ ಹೊರಟು ನಾಲ್ಕು ವರ್ಷ ಹೀಗೆ ಸಂಚರಿಸಿದನು. ಕೋಲ್ಮಾರ್ ಎಂಬ ಊರಿನಲ್ಲಿ ಷೋಂಗೌವರ್ ಎಂಬ ಪ್ರಸಿದ್ಧ ಕಲಾವಿದನಿದ್ದನು. ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದು ಕಾಗದಕ್ಕೆ ಇಳಿಸುವ ವಿದ್ಯೆಯಲ್ಲಿ ಆ ನಾಡಿನಲ್ಲೆಲ್ಲ ಅವನಿಗೆ ಸಮನಾದವರು ಇರಲಿಲ್ಲ. ಅವನ ದರ್ಶನಕ್ಕೆಂದು ಹಂಬಲಿಸಿಕೊಂಡು ಡ್ಯೂರರನು ಅಲ್ಲಿಗೆ ತಲಪುವ ವೇಳೆಗೆ ಆ ಗುರುವು ತೀರಿಕೊಂಡು ಕೆಲವು ಕಾಲವಾಗಿದ್ದಿತು. ಸಹೋದರರು ಮಾತ್ರ ಅವನನ್ನು ಪ್ರೀತಿಯಿಂದ ಬರಮಾಡಿಕೊಂಡರು.

1494ರಲ್ಲಿ ತಂದೆಯು ಮಗನನ್ನು ಊರಿಗೆ ಕರೆಯಿಸಿಕೊಂಡು ಮದುವೆ ಮಾಡಿದನು. ಹೆಣ್ಣನ್ನು ಗೊತ್ತುಮಾಡಿದವನು ತಂದೆಯೇ. ಇನ್ನೂರು ಗುಲ್ಡನ್ ನಾಣ್ಯಗಳ ವರದಕ್ಷಿಣೆಯೂ ಬಂದಿತು. ವಧುವಿನ ಹೆಸರು ಆಗ್ನೆಸ್ ಫ್ರೈ. ಅವರ ಲಗ್ನವು ಜುಲೈ 7ರಂದು ನಡೆಯಿತು. ಆ ವರ್ಷವೇ ಬರೆದ, ತಲೆಯನ್ನು ಕೈಗೆ ಆನಿಸಿ ತೂಕಡಿಸುವಂತೆ ಕುಳಿತ ಹುಡುಗಿಯೊಬ್ಬಳ ಸಣ್ಣ ಲೇಖನಿಯ ಚಿತ್ರವೊಂದು ಉಳಿದಿದೆ. ಅದರ ಕೆಳಗೆ ‘ನನ್ನ ಆಗ್ನೆಸ್’ ಎಂದಷ್ಟೇ ಬರೆದಿರುವನು.

ಆದರೆ ಮದುವೆಯಾಗಿ ಕೆಲವೇ ತಿಂಗಳು ಕಳೆಯುವಷ್ಟರಲ್ಲಿ ವರನು ಹೆಂಡತಿಯನ್ನು ಮನೆಯಲ್ಲಿ ಬಿಟ್ಟು ಆಲ್ಪ್ಸ್ ಪರ್ವತಗಳನ್ನು ದಾಟಿ ಇಟಲಿಯ ಕಡೆಗೆ ನಡೆದನು. ಈ ಮಾರ್ಗದಲ್ಲಿ ಬರೆದ ಇನ್ಸ್‌ಬ್ರುಕ್, ಟ್ರೆಂಟೋ, ಆರ್ಕೋ ಮುಂತಾದ ಸ್ಥಳಗಳ ಜಲವರ್ಣದ ಚಿತ್ರಗಳು ಯೂರೋಪಿನಲ್ಲಿ ನಿಸರ್ಗವನ್ನು ನಿಸರ್ಗಕ್ಕಾಗಿಯೇ ಬರೆದ ಮೊದಮೊದಲಿನ ಚಿತ್ರಗಳಲ್ಲಿ ಎಣಿಕೆಯಾಗಿವೆ. ಮತ್ತೆ 1505ರಲ್ಲಿ ವೆನಿಸ್ ನಗರಕ್ಕೆ ಹೋಗಿ 1507ರ ವರೆಗೆ ನಿಂತನು. ಅಲ್ಲಿದ್ದ ಜರ್ಮನ್ ವರ್ತಕರಿಗಾಗಿ ದೇವಮಾತೆಯ ದೊಡ್ಡ ಚಿತ್ರವೊಂದನ್ನು ಬರೆದುಕೊಟ್ಟನು. ಮುಪ್ಪಿನ ಮಹಾಕಲಾವಿದ ಬೆಲ್ಲೀನಿಯು ಅವನನ್ನು ಹತ್ತು ಜನರ ಮುಂದೆ ಹೊಗಳಿದನು. ನಗರದ ಇತರ ಚಿತ್ರಕಾರರೊಡನೆ ಊಟ ಮಾಡಬೇಡವೆಂದು ಸ್ನೇಹಿತರು ಎಚ್ಚರಿಸುವಷ್ಟು ಹೊಟ್ಟೆಕಿಚ್ಚೂ ಹುಟ್ಟಿದ್ದಿತು. ಇಟಲಿಯಲ್ಲಿ ತನಗೆ ಸಲ್ಲುವ ಗೌರವವು ಸ್ವಂತ ಊರಿನಲ್ಲಿ ಸಲ್ಲದೆಂಬ ಕೊರಗನ್ನು ಅವನು ಪ್ರಾಣಸ್ನೇಹಿತನಾದ ಪಿರ್ಕ್‌ಹೈಮರನಿಗೆ ಪತ್ರದಲ್ಲಿ ಬರೆದನು. ಆಗ್ನೆಸಳಾದರೋ ಆ ಕಾಲದಲ್ಲಿ ಗಂಡನ ಚಿತ್ರದ ಹಾಳೆಗಳನ್ನು ಹೊರಿಸಿಕೊಂಡು ಫ್ರಾಂಕ್‌ಫರ್ಟಿನ ಜಾತ್ರೆಗೆ ಹೋಗಿ ಮಾರಿ ಬರುತ್ತಿದ್ದಳು. ಊರಿನ ಸಂತೆಯಲ್ಲಿ ಅವನ್ನು ಮಾರುವ ಕೆಲಸ ವೃದ್ಧೆಯಾದ ಅತ್ತೆಯದು. ಗಂಡನ ಕೀರ್ತಿ ಬೆಳೆದುದಕ್ಕೆ ಈ ಇಬ್ಬರು ಹೆಂಗಸರ ದುಡಿಮೆಯೂ ಕಾರಣವೆಂಬುದನ್ನು ಮರೆಯಲಾಗದು.

ವರ್ಷಾಶನದ ಚಿಂತೆ

ಚಕ್ರವರ್ತಿ ಮ್ಯಾಕ್ಸಿಮಿಲಿಯನನು ಡ್ಯೂರರನ ಕೈಯಿಂದ ಅನೇಕ ದೊಡ್ಡ ಕೆಲಸಗಳನ್ನು ಮಾಡಿಸಿಕೊಂಡು, 1515ರಲ್ಲಿ ಅವನಿಗೆ ವರ್ಷಕ್ಕೆ 100 ಗುಲ್ಡನ್ ವರ್ಷಾಶನವನ್ನು ಗೊತ್ತುಮಾಡಿದ್ದನು. ಆ ಹಣವನ್ನು ನ್ಯೂರೆಂಬರ್ಗಿನ ನಗರಸಭೆಯು ಚಕ್ರವರ್ತಿಗೆ ಸಲ್ಲಿಸಬೇಕಾಗಿದ್ದ ಕಂದಾಯದಿಂದ ಕೊಡಬೇಕಾಗಿದ್ದಿತು. 1519ರ ಜನವರಿಯಲ್ಲಿ ಚಕ್ರವರ್ತಿಯು ಮರಣ ಹೊಂದಿದನು. ಹೊಸ ಚಕ್ರವರ್ತಿಯ ಅಪ್ಪಣೆಯಾಗದ ಹೊರತು ಒಂದು ಕಾಸನ್ನೂ ಕೊಡಲಾಗದೆಂದು ನಗರಸಭೆಯವರು ಕೈ ಮುಚ್ಚಿದರು.

ಡ್ಯೂರರನಿಗೆ ಆಗ ನಲವತ್ತೊಂಬತ್ತು ವರ್ಷ. ಮಕ್ಕಳಿಲ್ಲ. ಕಣ್ಣೂ ಕೈಯೂ ಎಷ್ಟು ದಿನ ನಡೆಯಬಲ್ಲವೆಂಬ ಭಯವು ಅವನ ಪತ್ರಗಳಲ್ಲಿ ಕಂಡುಬರುತ್ತದೆ. ಮುಪ್ಪಿನಲ್ಲಿ ಇಬ್ಬರ ಊಟಬಟ್ಟೆಗೆ ಆಧಾರವಾಗಬೇಕಾಗಿದ್ದ ಹಣ ನಿಂತುಹೋದರೆ ಯಾವ ಗೃಹಸ್ಥನು ಸುಮ್ಮನಿರುವನು? ಹೊಸ ಚಕ್ರವರ್ತಿ ಐದನೆಯ ಚಾರ್ಲ್ಸನು ಪಟ್ಟಾಭಿಷೇಕಕ್ಕಾಗಿ ನೆದರ್ಲೆಂಡ್ಸ್ ಪ್ರಾಂತಕ್ಕೆ ಬರುವನೆಂದು ತಿಳಿಯಿತು. ಇಂದಿನ ಹಾಲೆಂಡ್ ಬೆಲ್ಜಿಯಂ ದೇಶಗಳ ಭೂಮಿಯೇ ಆಗಿನ ನೆದರ್ಲೆಂಡ್ಸ್. ಅಲ್ಲಿಗೆ ಹೋಗಿ ಬಿನ್ನಹ ಮಾಡಿಕೊಳ್ಳಬೇಕೆಂದು ಅವನು ನಿಶ್ಚಯಿಸಿದನು. ಮೊದಲಿನ ಎರಡು ದೊಡ್ಡ ಪ್ರಯಾಣಗಳಲ್ಲಿ ಮನೆಯಲ್ಲಿಯೇ ಉಳಿದಿದ್ದ ಆಗ್ನೆಸಳು ಈ ಸಲ ಜೊತೆಯಲ್ಲಿ ಹೊರಟಳು. ಸುಸಾನ್ನಾ ಎಂಬ ಕೆಲಸದ ಹುಡುಗಿಯೂ ಕೂಡ ಬಂದಳು.

ಜುಲೈ 12ರಂದು ಹೊರಟ ಈ ಮೂವರು ಹಣದ ಚೀಲಕ್ಕಿಂತ ಹೆಚ್ಚಾಗಿ ನಂಬಿದ್ದುದು ಚಿತ್ರಗಳ ಪೆಟ್ಟಿಗೆಯನ್ನು. ಬಣ್ಣದ ಚಿತ್ರವನ್ನು ಒಮ್ಮೆ ಮಾರಿದರೆ ಮುಗಿಯಿತು. ಮರದ ಹಲಗೆಯಲ್ಲಿಯೋ ತಾಮ್ರದ ತಗಡಿನಲ್ಲಿಯೋ ಕೊರೆದ ಚಿತ್ರವನ್ನು ಮಸಿ ಬಳಿದು ನೂರಾರು ಹಾಳೆಗಳಿಗೆ ಇಳಿಸಬಹುದು. ಈ ಹಾಳೆಗಳು ಡ್ಯೂರರನಿಗೆ ನಾಣ್ಯದಂತೆ ಉಪಯೋಗವಾದುವು. ಬಾಂಬೆರ್ಗಿನ ಬಿಷಪ್ಪನಿಗೆ ದೇವಮಾತೆಯ ಒಂದು ಬಣ್ಣದ ಚಿತ್ರವನ್ನೂ ಕೆಲವು ಅಚ್ಚುಚಿತ್ರಗಳನ್ನೂ ಕಾಣಿಕೆಯಾಗಿ ಕೊಟ್ಟನು. ಬಿಷಪ್ಪನು ಅವರ ಬಿಡಾರದ ಖರ್ಚನ್ನು ತಾನೇ ತೆತ್ತು, ಪರಿಚಯಪತ್ರಗಳನ್ನೂ ಸುಂಕದ ರಹದಾರಿಯನ್ನೂ ಬರೆದುಕೊಟ್ಟನು. ಅಲ್ಲಿಂದ ಮುಂದೆ ದೋಣಿಯ ಪ್ರಯಾಣ: ಮೈನ್ ನದಿಯಲ್ಲಿ ಫ್ರಾಂಕ್‌ಫರ್ಟಿನ ಮೇಲೆ ಮೈನ್ಸಿಗೆ, ಅಲ್ಲಿ ರೈನ್ ನದಿಗೆ ಸೇರಿ ಕೊಲೋನಿನ ವರೆಗೆ. ನದಿಯ ಉದ್ದಕ್ಕೂ ಒಬ್ಬೊಬ್ಬ ಪಾಳೆಯಗಾರನಿಗೆ ಒಂದೊಂದು ಸುಂಕದ ಕಟ್ಟೆ. ರಹದಾರಿಯನ್ನು ತೋರಿಸಿದೆನು, ಬಿಟ್ಟರು ಎಂಬ ಮಾತು ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತದೆ. ಓದುತ್ತ ಹೋದರೆ ಪ್ರತಿ ಕಟ್ಟೆಯಲ್ಲಿಯೂ ಅವನು ಬಿಟ್ಟ ನೆಮ್ಮದಿಯ ಉಸಿರು ನಮಗೂ ಕೇಳಿಸಿದಂತಾಗುತ್ತದೆ.

ಆಂಟ್ವರ್ಪಿನ ಬಿಡಾರ

ಆಗಸ್ಟ್ ತಿಂಗಳ ಆರಂಭದಲ್ಲಿ ಅವರು ಆಂಟ್ವರ್ಪ್ ಪಟ್ಟಣವನ್ನು ತಲಪಿ ಯೋಬ್ಸ್ಟ್ ಪ್ಲಾಂಕ್‌ಫೆಲ್ಟ್ ಎಂಬವನ ವಸತಿಗೃಹದಲ್ಲಿ ಇಳಿದುಕೊಂಡರು. ಗಂಡನು ಕೆಳಗೆ ಮನೆಯ ಯಜಮಾನನೊಡನೆ ಊಟ ಮಾಡುವುದು, ಹೆಂಡತಿಯೂ ಸುಸಾನ್ನಾಳೂ ಮಹಡಿಯ ಮೇಲೆ ತಾವೇ ಅಡಿಗೆ ಮಾಡಿಕೊಂಡು ಉಣ್ಣುವುದು ಎಂದು ಗೊತ್ತಾಯಿತು. ಪರಸ್ಥಳದಲ್ಲಿ ಖರ್ಚನ್ನು ಹಿಡಿತದಲ್ಲಿಡುವ ಈ ಉಪಾಯವು ನಮ್ಮ ಯಾತ್ರಿಕರಿಗೆ ಹೊಸದಲ್ಲ.

ಬಂದ ಭಾನುವಾರವೇ ಊರಿನ ಚಿತ್ರಕಾರರ ಸಂಘದವರು ತಮ್ಮ ಸಭಾಭವನದಲ್ಲಿ ಔತಣವನ್ನೇರ್ಪಡಿಸಿದರು. ಅದಕ್ಕೆ ಹೆಂಡತಿಗೂ ಕೆಲಸದ ಹುಡುಗಿಗೂ ಸಹ ಕರೆ ಬಂದಿತ್ತು. ಬಡಿಸಿದ್ದು ಬೆಳ್ಳಿಯ ಪಾತ್ರೆಗಳಲ್ಲಿ. ಚಿತ್ರಕಾರರೆಲ್ಲರೂ ತಮ್ಮ ತಮ್ಮ ಹೆಂಡಿರೊಡನೆ ಬಂದಿದ್ದರು. ಡ್ಯೂರರನನ್ನು ಊಟಕ್ಕೆ ಕರೆದೊಯ್ಯುವಾಗ ಜನರು ಇಬ್ಬದಿಯಲ್ಲಿಯೂ ಸಾಲಾಗಿ ನಿಂತಿದ್ದರು. ರಾತ್ರಿ ಬಹಳ ಹೊತ್ತಾದ ಮೇಲೆ ಪಂಜುಗಳನ್ನು ಹಿಡಿದು ಬಿಡಾರದ ವರೆಗೆ ಬಿಟ್ಟುಬಂದರು. ದೊಡ್ಡ ಸರದಾರನೊಬ್ಬನನ್ನು ಕರೆತಂದಂತೆ ಕಂಡಿತೆಂದು ಅವನು ಸಂಕೋಚದಿಂದಲೂ ಸಂತೋಷದಿಂದಲೂ ಬರೆದುಕೊಂಡಿರುವನು. ಮಹಡಿಯ ಮೇಲೆ ಅಡಿಗೆ ಮಾಡಿಕೊಳ್ಳುತ್ತಿದ್ದ ಸುಸಾನ್ನಾಳಿಗೆ ಆ ರಾತ್ರಿಯ ಪಂಜಿನ ಬೆಳಕು ಎಷ್ಟು ದಿನ ನೆನಪಿನಲ್ಲಿ ಉಳಿದಿರಬಹುದೆಂದು ವಾಚಕರೇ ಊಹಿಸಬೇಕು. ಅವಳು ಏನನ್ನೂ ಬರೆದಿಟ್ಟಿಲ್ಲ.

ಅದೇ ತಿಂಗಳು ನಡೆದ ದೇವಮಾತೆಯ ಉತ್ಸವದ ಮೆರವಣಿಗೆಯು ಅವರ ಮನೆಯ ಮುಂದೆ ಹಾದುಹೋಗಲು ಎರಡು ಗಂಟೆಗಳಿಗೂ ಮೀರಿ ಹಿಡಿಯಿತು. ಅಕ್ಕಸಾಲಿಗರು, ಬಡಗಿಗಳು, ನೇಕಾರರು, ಮೀನುಗಾರರು, ಚಮ್ಮಾರರು ತಂತಮ್ಮ ಸಂಘದ ಗುರುತುಗಳನ್ನು ಹಿಡಿದು ನಡೆದರು. ಕೈಕೆಲಸದಿಂದ ತಮ್ಮ ಹೊಟ್ಟೆಯನ್ನು ತಾವೇ ಹೊರೆದುಕೊಳ್ಳುತ್ತಿದ್ದ ವಿಧವೆಯರ ದೊಡ್ಡದೊಂದು ಗುಂಪು, ತಲೆಯಿಂದ ಕಾಲಿನ ವರೆಗೆ ಬಿಳಿಯ ನಾರುಬಟ್ಟೆಯನ್ನು ತೊಟ್ಟು ಬಂದುದನ್ನು ನೋಡಿ ಅವನ ಮನಸ್ಸು ಕರಗಿತು.

ಕಲ್ಲಿಕೋಟೆಯ ಕೊಡುಗೆಗಳು

ಆಂಟ್ವರ್ಪ್ ಆಗ ಯೂರೋಪಿನ ದೊಡ್ಡ ಪೇಟೆ. ಪೋರ್ತುಗೀಸರು ಹಿಂದೂದೇಶದ ಪಡುವಣ ಕರಾವಳಿಯಿಂದ ಹಡಗುಗಳಲ್ಲಿ ತಂದ ಮೆಣಸು ಮೊದಲಾದ ಸಂಬಾರ ಪದಾರ್ಥಗಳು ಈ ಊರಿನಲ್ಲಿಯೇ ಮಾರಾಟವಾಗುತ್ತಿದ್ದುವು. ಅದಕ್ಕಾಗಿ ಪೋರ್ತುಗಲ್ಲಿನ ದೊರೆಯ ಪ್ರತಿನಿಧಿಗಳು ಅಲ್ಲಿ ಮನೆ ಮಾಡಿಕೊಂಡಿದ್ದರು. ಅವರಲ್ಲಿ ರೋದ್ರಿಗೋ ಎಂಬವನಿಗೂ ಡ್ಯೂರರನಿಗೂ ಬಹಳ ಸ್ನೇಹವಾಯಿತು. ಸಕ್ಕರೆಯ ತಿಂಡಿಗಳು, ತೆಂಗಿನಕಾಯಿಗಳು, ಹವಳ, ಕಲ್ಲಿಕೋಟೆಯ ಬಟ್ಟೆ, ಹೀಗೆ ಒಂದಾದ ಮೇಲೊಂದು ಕೊಡುಗೆಗಳು ಬಂದುವು. ಆಗ್ನೆಸಳಿಗೆ ಒಂದು ಸಣ್ಣ ಹಸುರು ಗಿಳಿಯೂ ದೊರೆಯಿತು. ಡ್ಯೂರರನು ತಾನೂ ಕೈ ಬಿಗಿಹಿಡಿಯದೆ ನಾಲ್ಕು ಗುಲ್ಡನ್ ಕೊಟ್ಟು ಒಂದು ಕೋತಿಯನ್ನು ಕೊಂಡನು. ಮನೆಯಲ್ಲಿ ಮಹಡಿಯ ಅಡಿಗೆಯ ಮಿತವ್ಯಯ. ಪೇಟೆಯಲ್ಲಿ ಕೋತಿಗೆ ನಾಲ್ಕು ಚಿನ್ನದ ನಾಣ್ಯ! ಎರಡನ್ನೂ ಒಂದೇ ಕೈ ಒಂದೇ ಪುಸ್ತಕದಲ್ಲಿ ಬರೆದಿದೆ.

ಅವನು ‘ಕಲ್ಲಿಕೋಟೆಯದು’ ಎಂದು ಬರೆದುದೆಲ್ಲವೂ ನಮ್ಮ ಕರಾವಳಿಯದೇ ಎಂದು ಹೇಳುವಂತಿಲ್ಲ. ಕಡಲಾಚೆಯಿಂದ ಬಂದ ಅಪರೂಪದ ಪದಾರ್ಥಕ್ಕೆಲ್ಲ ಆ ಕಾಲದ ಯೂರೋಪಿನವರು ಆ ಹೆಸರನ್ನೇ ಅಂಟಿಸುತ್ತಿದ್ದರು. ಆದರೂ ಹಿಂದೂದೇಶಕ್ಕೂ ಈ ಚಿತ್ರಕಾರನಿಗೂ ನಿಜವಾದ ನಂಟೊಂದುಂಟು. ಗುಜರಾತಿನ ಸುಲ್ತಾನನು ಕೊಟ್ಟ ಖಡ್ಗಮೃಗವೊಂದನ್ನು ಆಲ್ಬುಕರ್ಕನು ಗೋವೆಯಿಂದ ಹಡಗಿನಲ್ಲಿ ಕಳುಹಿಸಿದನು. 1515ರ ಮೇ ತಿಂಗಳಲ್ಲಿ ಅದು ಲಿಸ್ಬನ್ನನ್ನು ಮುಟ್ಟಿತು. ಡ್ಯೂರರನು ಅದನ್ನು ಕಣ್ಣಾರೆ ಕಂಡವನಲ್ಲ. ಯಾರೋ ಬರೆದು ಕಳುಹಿಸಿದ ವರ್ಣನೆಯನ್ನೂ ಗೆರೆಚಿತ್ರವನ್ನೂ ಆಧಾರ ಮಾಡಿಕೊಂಡು ಅಚ್ಚುಚಿತ್ರವನ್ನು ಕೊರೆದನು. ಮೈಗೆ ಉಕ್ಕಿನ ಕವಚದಂತಹ ಫಲಕಗಳನ್ನೂ ಹೆಗಲ ಮೇಲೆ ಇಲ್ಲದ ಒಂದು ಕೊಂಬನ್ನೂ ಸೇರಿಸಿದನು. ಮುಂದೆ ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಯೂರೋಪಿನ ಜನರು ಖಡ್ಗಮೃಗವೆಂದರೆ ಹೀಗೆಯೇ ಎಂದು ನಂಬಿದ್ದರು. ಕೇಳಿ ಬರೆಯುವುದಕ್ಕೂ ನೋಡಿ ಬರೆಯುವುದಕ್ಕೂ ಇರುವ ಅಂತರವು ಇದರಿಂದ ಗೊತ್ತಾಗುವುದು. ಆಂಟ್ವರ್ಪಿನಲ್ಲಿ ಅವನು ನೋಡಿಯೇ ಬರೆದನು. ತೊಂಬತ್ತಮೂರು ವರ್ಷದ ಮುದುಕನೊಬ್ಬನನ್ನು ಕೂರಿಸಿಕೊಂಡು ಬರೆದ ಚಿತ್ರ, ಪೋರ್ತುಗೀಸ್ ಪ್ರತಿನಿಧಿಯ ಮನೆಯಲ್ಲಿ ಸೇವೆಗಿದ್ದ ಕಾತರೀನಾ ಎಂಬ ಇಪ್ಪತ್ತು ವರ್ಷದ ಆಫ್ರಿಕದ ತರುಣಿಯ ತಗ್ಗಿದ ಕಣ್ಣುಗಳ ಚಿತ್ರ, ಇವನ್ನು ನೋಡಿದವರು ಸುಲಭವಾಗಿ ಮರೆಯಲಾರರು.

ಬಂಗಾರದ ಸೂರ್ಯ

ಆಗಸ್ಟಿನ ಕೊನೆಯಲ್ಲಿ ಡ್ಯೂರರನು ವರ್ಷಾಶನದ ಕೆಲಸಕ್ಕಾಗಿ ಬ್ರಸೆಲ್ಸಿಗೆ ಹೋದನು. ಚಕ್ರವರ್ತಿಯ ಸೋದರತ್ತೆಯೂ ಪ್ರಾಂತದ ಆಡಳಿತಗಾರಳೂ ಆಗಿದ್ದ ಮಾರ್ಗರೆಟ್ ರಾಣಿಯು ತಾನು ಶಿಫಾರಸು ಮಾಡುವೆನೆಂದು ಹೇಳಿಕಳುಹಿಸಿದಳು. ಪಂಡಿತ ಎರಾಸ್ಮಸನ ಮುಖವನ್ನು ಬರೆಯುವ ಅವಕಾಶವೂ ಒದಗಿತು. ಆದರೆ ಆ ಊರಿನಲ್ಲಿ ಅವನ ಮನಸ್ಸನ್ನು ಸೆರೆಹಿಡಿದುದೇ ಬೇರೆ. ಮೆಕ್ಸಿಕೋ ದೇಶದಿಂದ ಕೊರ್ತೇಸನು ದೊರೆಗೆ ಕಳುಹಿಸಿದ್ದ ವಸ್ತುಗಳನ್ನು ಅಲ್ಲಿ ಹರಡಿಟ್ಟಿದ್ದರು. ಒಂದು ಮಾರು ಅಗಲದ ಅಪ್ಪಟ ಬಂಗಾರದ ಸೂರ್ಯ, ಅಷ್ಟೇ ದೊಡ್ಡದಾದ ಬೆಳ್ಳಿಯ ಚಂದ್ರ, ಆಯುಧಗಳು, ಕವಚಗಳು, ವಿಚಿತ್ರವಾದ ಉಡುಪುಗಳು. ಇವುಗಳಿಗೆ 100,000 ಗುಲ್ಡನ್ ಬೆಲೆ ಕಟ್ಟಿರುವರೆಂಬುದನ್ನು ಬರೆದುಕೊಳ್ಳಲು ಅವನು ಮರೆಯಲಿಲ್ಲ. ಆದರೆ ಅಕ್ಕಸಾಲಿಗನ ಮಗನ ಕಣ್ಣು ಬಂಗಾರದ ತೂಕದ ಮೇಲೆ ನಿಲ್ಲಲಿಲ್ಲ. ದೂರದೇಶದ ಆ ಜನರ ಕೈಚಳಕಕ್ಕೆ ಬೆರಗಾಗಿ, ಹುಟ್ಟಿದಂದಿನಿಂದ ತನ್ನ ಹೃದಯಕ್ಕೆ ಇಷ್ಟು ಆನಂದವನ್ನು ಕೊಟ್ಟ ವಸ್ತುವನ್ನು ಕಾಣಲಿಲ್ಲವೆಂಬ ಅರ್ಥದ ಮಾತುಗಳನ್ನು ಬರೆದನು.

ಈ ಮಾತಿನ ಬೆಲೆ ಈಗ ಹೆಚ್ಚಿದೆ. ಆ ಸೂರ್ಯಚಂದ್ರರಾರೂ ಇಂದು ಉಳಿದಿಲ್ಲ. ಬೆಳ್ಳಿಬಂಗಾರದ ಅಂತಹ ವಸ್ತುಗಳನ್ನು ಕುಲುಮೆಗೆ ಹಾಕಿ ಕರಗಿಸಿಬಿಟ್ಟರು. ಅವುಗಳನ್ನು ಮಾಡಿದ ಅನಾಮಧೇಯ ಶಿಲ್ಪಿಗಳಿಗೆ ಯೂರೋಪಿನ ಮಹಾಕಲಾವಿದನೊಬ್ಬನು ಸಲ್ಲಿಸಿದ ಗೌರವವು ಒಂದು ಖರ್ಚಿನ ಪುಸ್ತಕದಲ್ಲಿ ಉಳಿದುಕೊಂಡಿತು.

ಅಕ್ಟೋಬರ್ 23ರಂದು ಆಖೆನ್ ಪಟ್ಟಣದಲ್ಲಿ ಚಾರ್ಲ್ಸನ ಪಟ್ಟಾಭಿಷೇಕವು ನಡೆಯಿತು. ಡ್ಯೂರರನು ಅದನ್ನು ನೋಡಿದನು. ಅಲ್ಲಿಂದ ಚಕ್ರವರ್ತಿಯ ಪರಿವಾರದ ಹಿಂದೆ ಕೊಲೋನಿಗೆ ಹೋದನು. ನವೆಂಬರ್ 12ರಂದು, ಬಹಳ ಓಡಾಟ ಆಯಾಸಗಳಾದ ಮೇಲೆ, ವರ್ಷಾಶನವನ್ನು ಸ್ಥಿರಪಡಿಸಿದ ಆಜ್ಞಾಪತ್ರವು ಅವನ ಕೈಗೆ ಬಂದಿತು. ಅದೇ ಊರಿನಲ್ಲಿ ಎರಡು ಸಣ್ಣ ನಾಣ್ಯಗಳನ್ನು ಕೊಟ್ಟು ಬಾಗಿಲು ತೆರೆಸಿ, ಸ್ಟೆಫಾನ್ ಗುರುವು ಬರೆದ ಪೂಜಾಪೀಠದ ಚಿತ್ರವನ್ನು ನೋಡಿದನು. ಆ ಪ್ರಸಿದ್ಧ ಚಿತ್ರವನ್ನು ಬರೆದವನು ಸ್ಟೆಫಾನನೆಂಬುದು ಮುಂದಿನವರಿಗೆ ತಿಳಿದುದು ಈ ಎರಡು ಕಾಸಿನ ಲೆಕ್ಕದಿಂದಲೇ.

ಗಂಡನು ಕೊಲೋನಿನಲ್ಲಿದ್ದಾಗ ಇತ್ತ ಆಂಟ್ವರ್ಪಿನ ದೇವಮಾತೆಯ ಗುಡಿಯಲ್ಲಿ ಯಾವನೋ ಕಳ್ಳನು ಆಗ್ನೆಸಳ ಹಣದ ಚೀಲವನ್ನು ಕತ್ತರಿಸಿಕೊಂಡು ಹೋದನು. ಅದರಲ್ಲಿ ಎರಡು ಗುಲ್ಡನ್ ಹಣವೂ ಕೆಲವು ಬೀಗದ ಕೈಗಳೂ ಇದ್ದುವು. ಮರಳಿ ಬಂದ ಗಂಡನು ಅದನ್ನೂ ಲೆಕ್ಕಕ್ಕೆ ಹಾಕಿದನು. ಹೆಂಡತಿಯ ಮೇಲೆ ಒಂದು ಕಟುವಾದ ಮಾತನ್ನೂ ಬರೆಯಲಿಲ್ಲ.

ಕಾಣದ ತಿಮಿಂಗಿಲ

ಬಂದ ಕೆಲಸವು ಆಯಿತು. ಇನ್ನು ಊರಿಗೆ ಹೊರಡಬಹುದಾಗಿದ್ದಿತು. ಆದರೆ ಜೀಲೆಂಡಿನ ಕಡಲ ತೀರದಲ್ಲಿ ನೂರು ಮಾರಿಗೂ ಮಿಕ್ಕ ಉದ್ದದ ತಿಮಿಂಗಿಲವೊಂದು ಅಲೆಗೆ ಸಿಕ್ಕಿ ದಡಕ್ಕೆ ಬಿದ್ದಿದೆಯೆಂಬ ಸುದ್ದಿ ಆಂಟ್ವರ್ಪಿಗೆ ಬಂದಿತು. ಅಷ್ಟು ದೊಡ್ಡ ಮೀನನ್ನು ಅಲ್ಲಿಯ ಜನರು ಎಂದೂ ಕಂಡಿರಲಿಲ್ಲವಂತೆ. ಡ್ಯೂರರನಿಗೆ ಮನೆಯಲ್ಲಿ ಕುಳಿತಿರಲು ಆಗಲಿಲ್ಲ. ಹೆಂಡತಿಯನ್ನು ಬಿಡಾರದಲ್ಲಿ ಬಿಟ್ಟು ಡಿಸೆಂಬರಿನ ಕೊರೆವ ಚಳಿಯಲ್ಲಿ ಹೊರಟನು.

ಆರ್ನೆಮೌಡೆನ್ ಎಂಬಲ್ಲಿ ಜನರು ಹಡಗಿನಿಂದ ಇಳಿಯುತ್ತಿರುವಾಗ ಮತ್ತೊಂದು ದೊಡ್ಡ ಹಡಗು ಬಂದು ಇವರದಕ್ಕೆ ಬಡಿಯಿತು. ಕಟ್ಟಿದ ಹಗ್ಗವು ಹರಿಯಿತು. ಬಿರುಗಾಳಿಯು ಹಡಗನ್ನು ಹಿಂದಕ್ಕೆ, ನಡುನೀರಿನ ಕಡೆಗೆ ನೂಕಿಕೊಂಡು ಹೋಯಿತು. ಆ ಹೊತ್ತಿನಲ್ಲಿ ಮೇಲೆ ಉಳಿದಿದ್ದವರು ಡ್ಯೂರರನು, ಅವನ ಜೊತೆಗಾರನೊಬ್ಬನು, ಇಬ್ಬರು ಮುದುಕಿಯರು, ಹಡಗಿನ ಯಜಮಾನ, ಒಬ್ಬ ಸಣ್ಣ ಹುಡುಗ. ನಾವಿಕರೆಲ್ಲರೂ ದಡದಲ್ಲಿದ್ದರು. ಯಜಮಾನನು ತಲೆಯ ಕೂದಲನ್ನು ಕಿತ್ತುಕೊಂಡು ಕೂಗಾಡಿದನು. ಆಗ ಡ್ಯೂರರನು ಅವನಿಗೆ ಧೈರ್ಯ ಹೇಳಿ, ದೇವರ ಮೇಲೆ ಭಾರ ಹಾಕಿ ಏನು ಮಾಡಬಹುದೆಂದು ಯೋಚಿಸೆಂದನು. ಸಣ್ಣ ಹಾಯಿಯನ್ನು ಎತ್ತಿದರೆ ಪ್ರಯತ್ನಿಸಬಹುದೆಂದು ಯಜಮಾನನು ಹೇಳಲು, ಇದ್ದವರೆಲ್ಲ ಕೈಸೇರಿಸಿ ಹಾಯಿಯನ್ನು ಅರ್ಧಕ್ಕೆ ಏರಿಸಿದರು. ದಡದಲ್ಲಿದ್ದವರೂ ಸಹಾಯಕ್ಕೆ ಬಂದರು. ಎಲ್ಲರೂ ಬದುಕಿಕೊಂಡರು.

ಇಷ್ಟೆಲ್ಲ ಆಗಿ ಮುಂದೆ ಜೀರಿಕ್‌ಜೀ ಎಂಬ ಊರಿಗೆ ಹೋಗಿ ನೋಡಿದರೆ ತಿಮಿಂಗಿಲವಿರಲಿಲ್ಲ! ಭರತದ ನೀರು ಅದನ್ನು ಎತ್ತಿಕೊಂಡು ಹೋಗಿದ್ದಿತು. ಕೋಲ್ಮಾರಿಗೆ ಹೋದಾಗ ಗುರುವಿರಲಿಲ್ಲ. ಇಲ್ಲಿಗೆ ಬಂದಾಗ ಮೀನಿರಲಿಲ್ಲ. ಆದರೆ ಈ ಸಲ ನಷ್ಟವು ಅಷ್ಟಕ್ಕೇ ಮುಗಿಯಲಿಲ್ಲ. ಮುಂದಿನ ಏಪ್ರಿಲಿನಲ್ಲಿ ಬ್ರೂಜ್ ಗೆಂಟ್ ಪಟ್ಟಣಗಳನ್ನು ಸುತ್ತಿ, ಮೈಕೆಲೇಂಜೆಲೋ ಕಡೆದ ದೇವಮಾತೆಯ ಅಮೃತಶಿಲೆಯ ವಿಗ್ರಹವನ್ನೂ ವಾನ್ ಐಕನ ಮಹಾಚಿತ್ರವನ್ನೂ ನೋಡಿ ಬಂದ ಮೇಲೆ, ಅವನಿಗೆ ಉರಿಜ್ವರ ಬಂದಿತು. ನಿಶ್ಶಕ್ತಿ, ವಾಕರಿಕೆ, ತಲೆನೋವುಗಳಿಂದ ಹಾಸಿಗೆ ಹಿಡಿದನು. ಹಿಂದೆ ಜೀಲೆಂಡಿನಲ್ಲಿದ್ದಾಗ ಯಾರಿಂದಲೂ ಕೇಳಿರದ ವಿಚಿತ್ರ ವ್ಯಾಧಿಯೊಂದು ತನಗೆ ತಗುಲಿತ್ತೆಂದೂ ಅದು ಇನ್ನೂ ಬಿಟ್ಟಿಲ್ಲವೆಂದೂ ಬರೆದನು. ಅದು ಮಲೇರಿಯಾ ಇದ್ದಿರಬಹುದೆಂದು ಅನೇಕರು ಊಹಿಸಿರುವರು. ಅಲ್ಲಿಂದ ಮುಂದೆ ವೈದ್ಯನಿಗೆ ಇಷ್ಟು, ಔಷಧದ ಅಂಗಡಿಗೆ ಇಷ್ಟು ಎಂಬ ಸಾಲುಗಳು ಪುಸ್ತಕದಲ್ಲಿ ಹೆಚ್ಚುತ್ತವೆ.

ಕೂಡಿಸಿದ ಮೊತ್ತ

ಅದೇ ಮೇ ತಿಂಗಳಲ್ಲಿ ಧರ್ಮಸುಧಾರಕ ಲೂಥರನನ್ನು ಶತ್ರುಗಳು ಸೆರೆಹಿಡಿದರೆಂಬ ವದಂತಿ ಬಂದಿತು. ನಿಜವಾಗಿ ಮಿತ್ರರೇ ಅವನನ್ನು ಕಾಪಾಡುವುದಕ್ಕಾಗಿ ವಾರ್ಟ್‌ಬುರ್ಗ್ ಕೋಟೆಯಲ್ಲಿ ಬಚ್ಚಿಟ್ಟಿದ್ದರು. ಅದನ್ನರಿಯದ ಡ್ಯೂರರನು ಊಟದ ಲೆಕ್ಕಗಳ ಮಧ್ಯೆ ಪುಟಗಟ್ಟಲೆ ಗೋಳಾಡಿ ಪ್ರಾರ್ಥನೆಯನ್ನು ಬರೆದನು.

ಜೂನ್ ತಿಂಗಳಲ್ಲಿ ಮೆಖೆಲೆನ್ ಪಟ್ಟಣಕ್ಕೆ ಹೋಗಿ ಮಾರ್ಗರೆಟ್ ರಾಣಿಗೆ ಅವಳ ತಂದೆ ಮ್ಯಾಕ್ಸಿಮಿಲಿಯನನ ಚಿತ್ರವನ್ನು ತೋರಿಸಿದನು; ಅದನ್ನು ಕಾಣಿಕೆಯಾಗಿ ಕೊಡಬೇಕೆಂದಿದ್ದನು. ರಾಣಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಹಿಂದಕ್ಕೆ ತಂದು ಕೊನೆಗೆ ಒಂದು ತುಂಡು ಬಿಳಿಯ ಇಂಗ್ಲಿಷ್ ಬಟ್ಟೆಗೆ ಅದಲುಬದಲು ಮಾಡಿಕೊಂಡನು. ಚಕ್ರವರ್ತಿಯ ಚಿತ್ರಕ್ಕೆ ಬಟ್ಟೆಯ ತುಂಡು! ಹೊರಡುವ ಕಾಲ ಹತ್ತಿರವಾದಾಗ ಮೊತ್ತ ಕೂಡಿಸಿ ನೋಡಿದನು. ಈ ದೇಶದಲ್ಲಿ ಮಾಡಿದ ಕೆಲಸ, ಖರ್ಚು, ಮಾರಾಟ, ವ್ಯವಹಾರಗಳೆಲ್ಲದರಲ್ಲಿಯೂ ತನಗೆ ನಷ್ಟವೇ ಆಯಿತೆಂದೂ, ಅದರಲ್ಲಿಯೂ ಮಾರ್ಗರೆಟ್ ರಾಣಿಯು ಇಷ್ಟೆಲ್ಲ ಪಡೆದು ಏನನ್ನೂ ಕೊಡಲಿಲ್ಲವೆಂದೂ ಬರೆದನು. ಊರಿಗೆ ಹೋಗಲು ತನ್ನ ಊರಿನವನೊಬ್ಬನಿಂದ 100 ಗುಲ್ಡನ್ ಸಾಲ ಮಾಡಬೇಕಾಯಿತು. ಹೊರಡುವ ವೇಳೆಗೆ ಸರಿಯಾಗಿ ಡೆನ್ಮಾರ್ಕಿನ ದೊರೆ ಎರಡನೆಯ ಕ್ರಿಶ್ಚಿಯನನು ಅವನನ್ನು ಕರೆಸಿ ತನ್ನ ಚಿತ್ರವನ್ನು ಬರೆಸಿಕೊಂಡು 30 ಗುಲ್ಡನ್ ಕೊಟ್ಟನು. ಅದೊಂದು ಸಮಾಧಾನ.

ಈ ಮೊತ್ತವನ್ನು ಅವನು ಸರಿಯಾಗಿ ಹಾಕಿದನೆ? ಬದುಕಿರುವ ತನಕ ವರ್ಷಕ್ಕೆ 100 ಗುಲ್ಡನ್ ಬರುವಂತಾದುದನ್ನು ಆ ಮಾತಿನಲ್ಲಿ ಜಮಾ ಹಿಡಿದಂತೆ ತೋರುವುದಿಲ್ಲ. ಬಂಗಾರದ ಸೂರ್ಯನನ್ನು ಕಂಡ ಆನಂದಕ್ಕೂ, ಪಂಜಿನ ಬೆಳಕಿನ ಆ ರಾತ್ರಿಗೂ ಯಾವ ಕಡೆಯ ಕಂಬಸಾಲಿನಲ್ಲಿಯೂ ಸ್ಥಳವಿರಲಿಲ್ಲ. ಹಾಗೆಯೇ ಮತ್ತೊಂದು ಕಡೆ, ಕಾಣದ ತಿಮಿಂಗಿಲಕ್ಕಾಗಿ ತೆತ್ತ ಆರೋಗ್ಯವು ಎಷ್ಟು ದುಬಾರಿಯೆಂಬುದೂ ಆಗ ಅವನಿಗೆ ತಿಳಿದಿರಲಿಲ್ಲ. ಆ ಜ್ವರದಿಂದ ಅವನು ಪೂರ್ಣವಾಗಿ ಚೇತರಿಸಿಕೊಳ್ಳಲಿಲ್ಲವೆಂದು ಹೇಳುವರು. 1528ನೆಯ ಇಸವಿ ಏಪ್ರಿಲ್ 6ರಂದು, ಐವತ್ತಾರನೆಯ ವಯಸ್ಸಿನಲ್ಲಿ, ತನ್ನ ಊರಿನಲ್ಲಿಯೇ ತೀರಿಕೊಂಡನು. ಆಂಟ್ವರ್ಪಿನವರು ವರ್ಷಕ್ಕೆ 300 ಗುಲ್ಡನ್ ಸಂಬಳವನ್ನೂ ಒಂದು ಮನೆಯನ್ನೂ ಕೊಡುವೆವೆಂದು ಕರೆದಿದ್ದರೂ, ಹುಟ್ಟಿದ ಊರಿನ ಮೇಲಣ ಪ್ರೀತಿಯಿಂದ ಅದನ್ನು ಒಲ್ಲೆನೆಂದು ಬಂದಿದ್ದನು.

ಡ್ಯೂರರನು ಸತ್ತ ಮೇಲೆ ಪಿರ್ಕ್‌ಹೈಮರನು ಆಗ್ನೆಸಳನ್ನು ಜಿಪುಣಿಯೆಂದೂ ಗಂಡನನ್ನು ದುಡಿಸಿ ಕೊಂದವಳೆಂದೂ ದೂರಿದನು. ಬಹುಕಾಲ ಲೋಕವು ಅದನ್ನೇ ನಂಬಿತು. ಈಚಿನ ವಿದ್ವಾಂಸರು ಆ ದೂರನ್ನು ಅಷ್ಟಾಗಿ ಒಪ್ಪುವುದಿಲ್ಲ. ಗಂಡಹೆಂಡಿರ ಒಳಗಿನ ಬಾಳನ್ನು ಹೊರಗಿನವರು ನಿರ್ಣಯಿಸುವುದು ಕಷ್ಟ. ಆದರೆ ಈ ಪ್ರವಾಸದ ಎರಡು ಚಿತ್ರಗಳು ಆಕೆಯ ಪರವಾಗಿ ಸಾಕ್ಷಿ ನುಡಿಯುತ್ತವೆ. ಬೆಳ್ಳಿಯ ಮೊನೆಯಿಂದ ಗೆರೆಯೆಳೆಯುವ ಒಂದು ಸಣ್ಣ ಪುಸ್ತಕವನ್ನು ಅವನು ಸಂಗಡ ತೆಗೆದುಕೊಂಡು ಹೋಗಿದ್ದನು. ಆ ಮೊನೆಯ ಗೆರೆಯನ್ನು ಸೀಸದ ಕಡ್ಡಿಯ ಗೆರೆಯಂತೆ ಸುಲಭವಾಗಿ ಅಳಿಸಲು ಬರುವುದಿಲ್ಲ. ರೈನ್ ನದಿಯಲ್ಲಿ ಬೊಪ್ಪಾರ್ಡಿನ ಬಳಿ ಬರೆದ ಹೆಂಡತಿಯ ಮುಖವು ಅದರ ಒಂದು ಹಾಳೆಯ ಮೇಲಿದೆ. ಇನ್ನೊಂದು ಆಂಟ್ವರ್ಪಿನಲ್ಲಿ ಬರೆದುದು. ಅದರಲ್ಲಿ ಆಗ್ನೆಸಳು ಆ ದೇಶದ ಹೆಂಗಸರಂತೆ ದೊಡ್ಡ ಬಿಳಿಯ ಮುಸುಕನ್ನು ಹೊದ್ದಿರುವಳು. ಮುಖವು ದುಂಡಗಾಗಿದೆ, ಪ್ರಾಯವು ಕಳೆದಿದೆ. 1494ರಲ್ಲಿ ಕೈಗೆ ತಲೆಯಾನಿಸಿ ತೂಕಡಿಸುತ್ತಿದ್ದ ಹುಡುಗಿ ಇವಳೇ ಎಂದು ಗುರುತಿಸುವುದು ಕಷ್ಟ. ಮೇಲ್ಗಡೆ ಗಂಡನು ತನ್ನ ಕೈಯಿಂದ ಬರೆದಿರುವನು: ಇದು ತನ್ನ ಹೆಂಡತಿಯೆಂದು, 1521ರಲ್ಲಿ ಆಂಟ್ವರ್ಪಿನಲ್ಲಿ ಬರೆದುದೆಂದು, ಆಗ ತಮ್ಮಿಬ್ಬರಿಗೂ ಮದುವೆಯಾಗಿ 27 ವರ್ಷಗಳಾಗಿದ್ದುವೆಂದು. ಪ್ರತಿ ಕಾಸನ್ನೂ ಎಣಿಸಿದ ಮನುಷ್ಯನು ಆ ವರ್ಷಗಳನ್ನೂ ತಪ್ಪದೆ ಎಣಿಸಿಟ್ಟಿದ್ದನು.